ಆಸ್ಟ್ರೇಲಿಯಾದಲ್ಲಿ ‘ಗ್ರೀನಿ’ ಅಂದ್ರೆ ಯಾರು, ಆ ಹೆಸರಲ್ಲಿ ಬೈಯೋದು ಯಾಕೆ?

2025ರ ನವೆಂಬರ್ ಕೊನೇಲಿ ಆಸ್ಟ್ರೇಲಿಯಾ ಪಾರ್ಲಿಮೆಂಟು ತನ್ನ ದೇಶದ ಮುಖ್ಯ ಪರಿಸರ ಕಾನೂನಿಗೆ ದೊಡ್ಡ ತಿದ್ದುಪಡಿ ತಂತು. 1999ರ ಕಾನೂನು ಅದು, ಎಲ್ಲರೂ ಇಪಿಬಿಸಿ ಆಕ್ಟ್ ಅಂತ ಕರೀತಾರೆ. ಆಳ್ತಿರೋ ಲೇಬರ್ ಪಾರ್ಟಿಗೆ ಮೇಲ್ಮನೆ ಸೆನೆಟ್‌ನಲ್ಲಿ ಬಹುಮತ ಇಲ್ಲ, ಅದಕ್ಕೆ ಗ್ರೀನ್ಸ್ ಪಾರ್ಟಿ ಜೊತೆ ಕೂತು ಮಾತಾಡಿ ಪಾಸ್ ಮಾಡಿಸ್ಕೊಂಡ್ರು. ಈ ಸುದ್ದಿ ಬೆನ್ನಿಗೇ ಹಳೇ ಜಗಳ ಮತ್ತೆ ಶುರು, ಮರ ಕಡಿಯೋ ಉದ್ಯಮ ಇರೋ ಊರುಗಳು ಒಂದು ಕಡೆ, ಕಾಡು ಉಳಿಸಿ ಅನ್ನೋರು ಇನ್ನೊಂದು ಕಡೆ, ನಡುವೆ ಒಂದೇ ಒಂದು ಪದ ಅತ್ತಿಂದಿತ್ತ ಓಡಾಡ್ತಾ ಇರತ್ತೆ: ಗ್ರೀನಿ.

ದೂರದಿಂದ ಓದೋರಿಗೆ ಇದು ಗೊಂದಲ. ಗ್ರೀನಿ ಅಂದ್ರೆ ಗ್ರೀನ್ಸ್ ಪಾರ್ಟಿಯವರಾ? ಅದು ಬೈಗುಳಾನಾ, ಹೆಮ್ಮೆಯಿಂದ ಹೇಳ್ಕೊಳ್ಳೋ ಮಾತಾ? ದೇಶದಲ್ಲೇ ಹೆಸರುವಾಸಿ ಗ್ರೀನಿ, ಗ್ರೀನ್ಸ್ ಪಾರ್ಟಿಯ ಮಾಜಿ ನಾಯಕ ಬಾಬ್ ಬ್ರೌನ್ 2019ರಲ್ಲಿ ಒಂದು ಗಾಳಿ ವಿದ್ಯುತ್ ಯೋಜನೆಯನ್ನೇ ವಿರೋಧಿಸಿದ್ರು, ಅದು ಹೇಗೆ? ಗ್ರೀನಿಗಳನ್ನ ಕಂಡ್ರೆ ಆಗದ ರೈತರು ಅದೇ ಗ್ರೀನಿಗಳ ಜೊತೆ ಸೇರಿ ಗ್ಯಾಸ್ ಕಂಪನಿ ಲಾರಿಗಳಿಗೆ ಅಡ್ಡ ನಿಂತಿದ್ದೂ ಇದೆ, ಅದು ಯಾಕೆ? ಇದೆಲ್ಲ ಅರ್ಥ ಆಗ್ಬೇಕಂದ್ರೆ ಪದದ ಅರ್ಥ ಗೊತ್ತಿದ್ರೆ ಸಾಲದು, ಅದನ್ನ ಯಾರು ಯಾವಾಗ ಬಳಸ್ತಾರೆ ಅಂತ ನೋಡ್ಬೇಕು.

ಗ್ರೀನಿ ಬೇರೆ, ಗ್ರೀನ್ಸ್ ಬೇರೆ

ಗ್ರೀನ್ಸ್ ಅನ್ನೋದು ಒಂದು ರಾಜಕೀಯ ಪಕ್ಷ. ರಾಜ್ಯಗಳ ಸಣ್ಣಪುಟ್ಟ ಪಕ್ಷಗಳು ಸೇರಿ 1992ರಲ್ಲಿ ಆಸ್ಟ್ರೇಲಿಯನ್ ಗ್ರೀನ್ಸ್ ಆಯ್ತು. 2025ರ ಮೇ ಎಲೆಕ್ಷನ್‌ನಲ್ಲಿ ಕೆಳಮನೇಲಿ ಇದ್ದ ನಾಲ್ಕು ಸೀಟಲ್ಲಿ ಮೂರು ಕಳ್ಕೊಂಡ್ರು, ನಾಯಕ ಆಡಮ್ ಬ್ಯಾಂಟ್ ಕೂಡ ಸೋತ್ರು. ಆದ್ರೂ ಸೆನೆಟ್‌ನಲ್ಲಿ ಅವರ ಓಟು ಬೇಕೇ ಬೇಕು.

ಗ್ರೀನಿ ಅನ್ನೋದು ಪಕ್ಷ ಅಲ್ಲ, ಆಡುಮಾತು. ಪರಿಸರವಾದಿ ಅಂತ ಅರ್ಥ. ಯಾವ ಪಾರ್ಟಿಗೂ ಸೇರದೆ ಒಂದು ಹೊಳೆ ಉಳಿಸೋಕೆ ನಿಂತವರೂ ಗ್ರೀನಿನೇ, ಮರಕ್ಕೆ ಸರಪಳಿ ಕಟ್ಕೊಂಡು ಕೂತವರೂ ಗ್ರೀನಿನೇ, ಮನೆ ಮೇಲೆ ಸೋಲಾರ್ ಹಾಕಿಸಿ ಪ್ಲಾಸ್ಟಿಕ್ ಬೇಡ ಅನ್ನೋ ಪಕ್ಕದ್ಮನೆಯವರೂ ಗ್ರೀನಿನೇ. ಸ್ನೇಹಿತರ ನಡುವೆ ಪ್ರೀತಿಯಿಂದ ರೇಗಿಸೋಕೂ ಬರತ್ತೆ, ಪಾರ್ಲಿಮೆಂಟಲ್ಲಿ ಉಗಿಯೋಕೂ ಬರತ್ತೆ. ಒಂದೇ ಪದ ಇಷ್ಟು ಜನರನ್ನ ಒಟ್ಟಿಗೆ ಸುತ್ತಿ ಹಾಕೋದ್ರಿಂದಲೇ ಬೈಯೋರಿಗೆ ಅದು ಅನುಕೂಲ, ಯಾಕಂದ್ರೆ ಯಾರು ಏನು ಹೇಳಿದ್ರು ಅಂತ ಬಿಡಿಸಿ ಹೇಳೋ ಕಷ್ಟ ಇರಲ್ಲ.

ಹಸಿರು ಬಣ್ಣ ಬಂದಿದ್ದು ಗಾರೆ ಕೆಲಸದವರಿಂದ

ಬಹಳ ಜನಕ್ಕೆ ಗೊತ್ತಿಲ್ಲದ ಭಾಗ ಇದು, ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ಸೋದೂ ಇದೇ. ಗ್ರೀನಿ ಅಂದ್ರೆ ದುಡಿಯೋರ ವಿರೋಧಿ, ಸಿಟಿಯ ಶ್ರೀಮಂತ ಅನ್ನೋ ಚಿತ್ರ ಇವತ್ತು ಇದೆ. ಆದ್ರೆ ಈ ಬಣ್ಣ ಆಸ್ಟ್ರೇಲಿಯಾ ರಾಜಕೀಯಕ್ಕೆ ಬಂದಿದ್ದು ಒಂದು ಕಾರ್ಮಿಕರ ಯೂನಿಯನ್ ಮೂಲಕ.

1971. ಸಿಡ್ನಿಯ ಹಂಟರ್ಸ್ ಹಿಲ್ ಅನ್ನೋ ಏರಿಯಾದಲ್ಲಿ ನೀರಿನ ದಂಡೇಲಿ ಉಳಿದಿದ್ದ ಚೂರು ಕಾಡು, ಕೆಲ್ಲಿಸ್ ಬುಷ್. ಅಲ್ಲಿ ದುಬಾರಿ ಮನೆಗಳನ್ನ ಕಟ್ಟೋಕೆ ಎ.ವಿ. ಜೆನ್ನಿಂಗ್ಸ್ ಕಂಪನಿ ಹೊರಟಿತ್ತು. ಅಲ್ಲಿನ 13 ಹೆಂಗಸರು ಸೇರಿ ಕೌನ್ಸಿಲ್ಲು, ಮಂತ್ರಿಗಳು ಅಂತ ಎಲ್ಲ ಬಾಗಿಲೂ ತಟ್ಟಿದ್ರು, ಏನೂ ಆಗ್ಲಿಲ್ಲ. ಕೊನೆಗೆ ಬಿಲ್ಡರ್ಸ್ ಲೇಬರರ್ಸ್ ಫೆಡರೇಶನ್ ಅನ್ನೋ ಕಟ್ಟಡ ಕಾರ್ಮಿಕರ ಯೂನಿಯನ್ ಹತ್ರ ಹೋದ್ರು. ಅದರ ನ್ಯೂ ಸೌತ್ ವೇಲ್ಸ್ ಶಾಖೆಯ ನಾಯಕ ಜ್ಯಾಕ್ ಮಂಡಿ, ಕಮ್ಯುನಿಸ್ಟ್ ಪಾರ್ಟಿ ಸದಸ್ಯ. ಹೋದವರು ಅನುಕೂಲಸ್ಥ ಮನೆಗಳ ಹೆಂಗಸರು, ಎದುರಿಗೆ ಕೂತವರು ಇಟ್ಟಿಗೆ ಸಿಮೆಂಟು ಹೊರೋ ಕೂಲಿಗಳ ಪ್ರತಿನಿಧಿಗಳು. ಯೂನಿಯನ್ ಹೇಳಿದ್ದು ಇಷ್ಟೇ, ಸುಮ್ನೆ ನಾಲ್ಕು ಜನ ಕೇಳಿದ್ರೆ ಆಗಲ್ಲ, ಊರೋರ ಸಭೆ ಕರೀರಿ, ಅಲ್ಲಿ ಜನ ಬೇಕು ಅಂದ್ರೆ ನಾವು ಆ ಜಾಗದಲ್ಲಿ ಕೆಲಸ ಮಾಡಲ್ಲ. ಸಭೆಗೆ ನೂರಾರು ಜನ ಬಂದ್ರು, ಯೂನಿಯನ್ ಕೆಲಸ ನಿಲ್ಲಿಸ್ತು.

ಕಂಪನಿ ಯೂನಿಯನ್‌ಗೆ ಸೇರದ ಆಳುಗಳನ್ನ ಕರ್ಕೊಂಡು ಬರ್ತೀನಿ ಅಂತು. ಆಗ ಅದೇ ಕಂಪನಿಯ ಬೇರೊಂದು ಆಫೀಸ್ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದ ಕಾರ್ಮಿಕರು, ಕೆಲ್ಲಿಸ್ ಬುಷ್‌ನಲ್ಲಿ ಒಂದು ಹುಲ್ಲುಕಡ್ಡಿ ಹೋದ್ರೂ ಈ ಕಟ್ಟಡ ಯಾವತ್ತಿಗೂ ಅರ್ಧಕ್ಕೇ ನಿಂತಿರತ್ತೆ ಅಂತ ಹೇಳಿಬಿಟ್ರು. ಕಂಪನಿ ಹಿಂದೆ ಸರೀತು. ಆ ಕಾಡು ಇವತ್ತಿಗೂ ಇದೆ.

ಯೂನಿಯನ್‌ಗಳು ಒಂದು ಕೆಲಸವನ್ನ ಬಹಿಷ್ಕರಿಸಿದ್ರೆ ಅದಕ್ಕೆ ಅಲ್ಲಿ ಬ್ಲ್ಯಾಕ್ ಬ್ಯಾನ್ ಅಂತಿದ್ರು. ಇದು ಸಂಬಳಕ್ಕೆ ಮಾಡಿದ್ದಲ್ಲ, ಜಾಗ ಉಳಿಸೋಕೆ ಮಾಡಿದ್ದು ಅಂತ ಮಂಡಿ ಗ್ರೀನ್ ಬ್ಯಾನ್ ಅಂದ್ರು. 1974ರ ಹೊತ್ತಿಗೆ ಇಂಥ 40ಕ್ಕೂ ಹೆಚ್ಚು ಬ್ಯಾನ್ ಆದ್ವು. ಸಿಡ್ನಿಗೆ ಹೋದ ಟೂರಿಸ್ಟ್‌ಗಳೆಲ್ಲ ಸುತ್ತಾಡೋ ದಿ ರಾಕ್ಸ್ ಅನ್ನೋ ಹಳೇ ಬೀದಿಗಳಿದಾವಲ್ಲ, ಅವು ಗಗನಚುಂಬಿ ಕಟ್ಟಡಗಳ ಅಡಿ ಹೋಗ್ದೆ ಉಳಿದಿದ್ದೂ ಈ ಬ್ಯಾನ್‌ನಿಂದ. ಗ್ರೀನಿ ಅನ್ನೋ ಪದ ಪರಿಸರವಾದಿಗಳಿಗೆ ಅಂಟಿಕೊಂಡಿದ್ದು ಇದೇ 1970ರ ದಶಕದಲ್ಲಿ, ಈ ಗ್ರೀನ್ ಬ್ಯಾನ್‌ಗಳ ನೆರಳಲ್ಲೇ.

ಬೆಲೆ ಕಟ್ಟಿದವರೂ ಅವರೇ. ಕೆಲಸ ನಿಂತ್ರೆ ಕೂಲಿ ನಿಲ್ಲತ್ತೆ ಅಂತ ಗೊತ್ತಿದ್ದೇ ನಿಂತ್ರು. 1975ರ ಹೊತ್ತಿಗೆ ಯೂನಿಯನ್‌ನ ರಾಷ್ಟ್ರೀಯ ನಾಯಕತ್ವವೇ ಆ ಶಾಖೆಯನ್ನ ವಶಕ್ಕೆ ತಗೊಂಡು ಮಂಡಿ ಮತ್ತವರ ಜೊತೆಗಾರರನ್ನ ಹೊರಗೆ ಹಾಕ್ತು. ಮಂಡಿ ತೀರ್ಕೊಂಡಿದ್ದು 2020ರಲ್ಲಿ, 90 ವರ್ಷಕ್ಕೆ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಜರ್ಮನಿಯ ಪೆಟ್ರಾ ಕೆಲ್ಲಿ 1970ರ ದಶಕದಲ್ಲಿ ಸಿಡ್ನಿಗೆ ಬಂದಾಗ ಈ ಗ್ರೀನ್ ಬ್ಯಾನ್‌ಗಳನ್ನ ನೋಡಿ ಆ ಪದವನ್ನ ಯುರೋಪಿಗೆ ತಗೊಂಡು ಹೋದ್ರು ಅಂತ ಬಾಬ್ ಬ್ರೌನ್ ಹೇಳ್ತಾ ಬಂದಿದಾರೆ. ಜರ್ಮನಿಯ ಗ್ರೀನ್ ಪಾರ್ಟಿ ಹುಟ್ಟಿದ್ದು 1980ರಲ್ಲಿ.

ಟಾಸ್ಮೇನಿಯಾದಲ್ಲಿ ಪದ ಬೈಗುಳ ಆಯ್ತು

ಸಿಡ್ನೀಲಿ ಕಾರ್ಮಿಕರು ಮತ್ತು ಪರಿಸರದವರು ಒಂದೇ ಕಡೆ ಇದ್ರು. ಟಾಸ್ಮೇನಿಯಾದಲ್ಲಿ ಹಾಗಾಗ್ಲಿಲ್ಲ. ಆ ದ್ವೀಪ ರಾಜ್ಯದಲ್ಲಿ ಹೈಡ್ರೋ ಎಲೆಕ್ಟ್ರಿಕ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ ದಶಕಗಳಿಂದ ಡ್ಯಾಮ್ ಮೇಲೆ ಡ್ಯಾಮ್ ಕಟ್ತಾ ಇತ್ತು, ಅಗ್ಗದ ಕರೆಂಟು ಕೊಟ್ರೆ ಫ್ಯಾಕ್ಟರಿ ಬರತ್ತೆ, ಫ್ಯಾಕ್ಟರಿ ಬಂದ್ರೆ ಕೆಲಸ ಬರತ್ತೆ ಅನ್ನೋ ಲೆಕ್ಕ. 1972ರಲ್ಲಿ ಪೆಡ್ಡರ್ ಸರೋವರ ಮುಳುಗಿ ಹೋಯ್ತು. ಅದನ್ನ ಉಳಿಸೋಕೆ ಹುಟ್ಟಿದ ಯುನೈಟೆಡ್ ಟಾಸ್ಮೇನಿಯಾ ಗ್ರೂಪನ್ನ ಜಗತ್ತಿನ ಮೊದಲ ಹಸಿರು ಪಕ್ಷ ಅಂತ ಎಣಿಸ್ತಾರೆ.

ಆಮೇಲೆ ಫ್ರಾಂಕ್ಲಿನ್ ನದಿ. 1982ರ ಡಿಸೆಂಬರ್‌ನಲ್ಲಿ ಡ್ಯಾಮ್ ಕೆಲಸಕ್ಕೆ ಜನ ಅಡ್ಡ ಕೂರೋಕೆ ಶುರು ಮಾಡಿದ್ರು, ಮುಂದಿನ ಕೆಲವು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಅರೆಸ್ಟ್ ಆಯ್ತು. 1983ರ ಮಾರ್ಚ್‌ನಲ್ಲಿ ಬಾಬ್ ಹಾಕ್ ಪ್ರಧಾನಿ ಆದ್ರು, ಡ್ಯಾಮ್ ನಿಲ್ಲಿಸೋ ಕಾನೂನು ತಂದ್ರು, ಜುಲೈ 1ಕ್ಕೆ ಹೈಕೋರ್ಟ್ 4-3ರಲ್ಲಿ ಕೇಂದ್ರದ ಪರ ತೀರ್ಪು ಕೊಡ್ತು. (ಅಲ್ಲಿ ಹೈಕೋರ್ಟ್ ಅಂದ್ರೇನೇ ದೇಶದ ಅತಿ ದೊಡ್ಡ ಕೋರ್ಟು.)

ನದಿ ಉಳೀತು, ಆದ್ರೆ ಡ್ಯಾಮ್ ಕೆಲಸ ನಂಬ್ಕೊಂಡಿದ್ದ ಊರುಗಳ ಕಣ್ಣಲ್ಲಿ ಗ್ರೀನಿ ಅಂದ್ರೆ ಹೊರಗಿಂದ ಬಂದು ಅನ್ನ ಕಿತ್ಕೊಂಡವನು ಅಂತ ಆಯ್ತು. ಅಲ್ಲಿಂದ ಜಗಳ ಕಾಡಿನ ಕಡೆ ತಿರುಗ್ತು. 1995ರಲ್ಲಿ ಮರ ಸಾಗಿಸೋ ಲಾರಿಗಳು ಕ್ಯಾನ್‌ಬೆರಾದಲ್ಲಿ ಪಾರ್ಲಿಮೆಂಟಿಗೆ ಮುತ್ತಿಗೆ ಹಾಕಿದ್ವು. 2004ರಲ್ಲಿ ಲೇಬರ್ ನಾಯಕ ಮಾರ್ಕ್ ಲೇಥಮ್ ಟಾಸ್ಮೇನಿಯಾದ ಹಳೇ ಕಾಡು ಕಡಿಯೋದು ನಿಲ್ಲಿಸ್ತೀನಿ ಅಂದಿದ್ದಕ್ಕೆ, ಲಾನ್‌ಸೆಸ್ಟನ್‌ನಲ್ಲಿ ಯೂನಿಯನ್ ಕಾರ್ಮಿಕರೇ ಎದುರಾಳಿ ಲಿಬರಲ್ ಪಕ್ಷದ ಪ್ರಧಾನಿ ಜಾನ್ ಹವರ್ಡ್‌ಗೆ ಚಪ್ಪಾಳೆ ತಟ್ಟಿ ಸ್ವಾಗತ ಮಾಡಿದ್ರು. ಕಾರ್ಮಿಕರ ಪಕ್ಷಕ್ಕೆ ಕಾರ್ಮಿಕರೇ ಬೆನ್ನು ತೋರಿಸಿದ ದೃಶ್ಯ ಅದು, ಲೇಬರ್‌ನವರು ಅದನ್ನ ಇನ್ನೂ ಮರ್ತಿಲ್ಲ. ಗ್ರೀನಿಗಳ ಹತ್ರ ಕಾಣಿಸ್ಕೊಂಡ್ರೆ ಸೀಟು ಹೋಗತ್ತೆ ಅನ್ನೋ ಭಯ ಅವರಿಗೆ ಅಂಟಿದ್ದು ಇಲ್ಲಿಂದ.

ಹಾಗಾದ್ರೆ ಕೆಲಸ ಕಿತ್ಕೊಂಡಿದ್ದು ಯಾರು?

ಬೈಯೋರ ವಾದ ನೇರವಾಗಿದೆ: ಗ್ರೀನಿ ಬಂದ, ಕಾಡು ಮುಚ್ಚಿಸಿದ, ಮಿಲ್ಲು ಮುಚ್ಚಿತು, ಊರು ಖಾಲಿ ಆಯ್ತು. ಇದರಲ್ಲಿ ಒಂದಿಷ್ಟು ನಿಜ ಇದೆ. ಕಾಡಿಗೆ ರಕ್ಷಣೆ ಕೊಟ್ರೆ ಅಲ್ಲಿ ಕಡಿಯೋ ಮರ ಕಮ್ಮಿ ಆಗೇ ಆಗತ್ತೆ.

ಆದ್ರೆ ಅದೇ ವರ್ಷಗಳಲ್ಲಿ ಬೇರೆ ಏನೇನು ನಡೀತಿತ್ತು ನೋಡಿ. ಮುಂಚೆ ಹತ್ತು ಜನ ಗರಗಸ ಹಿಡ್ಕೊಂಡು ಮಾಡ್ತಿದ್ದ ಕೆಲಸವನ್ನ ದೊಡ್ಡ ಮೆಷಿನ್ನು ಒಬ್ಬ ಡ್ರೈವರ್ ಜೊತೆ ಮಾಡೋಕೆ ಶುರು ಮಾಡ್ತು. 1970ರ ದಶಕದಿಂದ ಮರವನ್ನ ಹಲಗೆ ಮಾಡೋ ಬದಲು ಚೂರು ಚೂರು ಮಾಡಿ ಕಾಗದಕ್ಕೆ ಅಂತ ಜಪಾನಿಗೆ ಹಡಗಲ್ಲಿ ಕಳಿಸೋ ವುಡ್‌ಚಿಪ್ ವ್ಯಾಪಾರ ಬೆಳೀತು, ಇದರಲ್ಲಿ ಕಡಿಯೋ ಮರ ಜಾಸ್ತಿ, ಸಿಗೋ ಕೆಲಸ ಕಮ್ಮಿ. ಇನ್ನೊಂದು ಕಡೆ ಪೈನ್ ನೆಡುತೋಪುಗಳು ದೊಡ್ಡವಾದ್ವು, ಇವತ್ತು ಆಸ್ಟ್ರೇಲಿಯಾದಲ್ಲಿ ಕಡಿಯೋ ಮರದ ಬಹುಪಾಲು ಬರೋದು ನೆಟ್ಟು ಬೆಳೆಸಿದ ತೋಪುಗಳಿಂದ, ಸಹಜ ಕಾಡಿಂದಲ್ಲ. ಈ ಮೂರಕ್ಕೂ ಗ್ರೀನಿ ಕಾರಣ ಅಲ್ಲ. ಮೆಷಿನ್ ತಂದಿದ್ದು ಕಂಪನಿ, ವುಡ್‌ಚಿಪ್ ರಫ್ತಿಗೆ ಒಪ್ಪಿಗೆ ಕೊಟ್ಟಿದ್ದು ಸರ್ಕಾರ. ಆದ್ರೆ ಮೆಷಿನ್ ಎದುರು ಬೋರ್ಡ್ ಹಿಡ್ಕೊಂಡು ಯಾರೂ ನಿಂತಿರಲ್ಲ, ಕಾಡಿನ ದಾರೀಲಿ ಗ್ರೀನಿ ನಿಂತಿರ್ತಾನೆ, ಟೀವೀಲಿ ಕಾಣಿಸ್ತಾನೆ. ಕಣ್ಣಿಗೆ ಕಾಣೋ ಮನುಷ್ಯನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ, ಬ್ಯಾಲೆನ್ಸ್ ಶೀಟಿನ ಮೇಲೆ ಕಷ್ಟ.

ಇದಕ್ಕೆ ಸ್ಪಷ್ಟ ಉದಾಹರಣೆ ಅದಾನಿ ಗಣಿ. ಕ್ವೀನ್ಸ್‌ಲ್ಯಾಂಡ್‌ನ ಕಾರ್ಮೈಕಲ್ ಕಲ್ಲಿದ್ದಲು ಗಣಿ ಬಂದ್ರೆ 10,000 ಕೆಲಸ ಅಂತ ಪ್ರಚಾರ ಆಯ್ತು. ಆದ್ರೆ 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ಲ್ಯಾಂಡ್ ಕೋರ್ಟಲ್ಲಿ ಕಂಪನಿ ಪರವಾಗೇ ಸಾಕ್ಷಿ ಹೇಳಿದ ಅರ್ಥಶಾಸ್ತ್ರಜ್ಞರ ಲೆಕ್ಕ 1,464. ಹತ್ತು ಸಾವಿರಕ್ಕೂ ಅದಕ್ಕೂ ಎಲ್ಲಿಂದ ಎಲ್ಲಿಗೆ. 2018ರ ಕೊನೇಲಿ ಕಂಪನಿ ಯೋಜನೆಯನ್ನೇ ಚಿಕ್ಕದು ಮಾಡ್ಕೊಳ್ತು. ಆದ್ರೆ ಇಡೀ ಚರ್ಚೆ ನಡೆದಿದ್ದು ಕೆಲಸ ಬೇಕಾ, ಗ್ರೀನಿ ಬೇಕಾ ಅನ್ನೋ ಪ್ರಶ್ನೆ ಮೇಲೆ. ಎಷ್ಟು ಕೆಲಸ, ಎಷ್ಟು ವರ್ಷಕ್ಕೆ, ಅಂತರ್ಜಲದ ಗತಿ ಏನು ಅನ್ನೋ ಪ್ರಶ್ನೆಗಳು ಗದ್ದಲದಲ್ಲಿ ಮುಳುಗಿ ಹೋದ್ವು. ಈ ಪದದಿಂದ ಆಗೋ ದೊಡ್ಡ ನಷ್ಟ ನನ್ನ ಪ್ರಕಾರ ಇದೇ. ಅದು ಗ್ರೀನಿಯನ್ನ ನೋಯಿಸೋದಕ್ಕಿಂತ ಹೆಚ್ಚಾಗಿ, ನಿರ್ಧಾರ ತಗೊಂಡವರನ್ನ ಪ್ರಶ್ನೆಯಿಂದ ಪಾರು ಮಾಡತ್ತೆ.

ಬೆಂಕಿ ಬಿದ್ದ ಬೇಸಿಗೆ

2019-20ರ ಕಾಡ್ಗಿಚ್ಚಲ್ಲೂ ಹೀಗೇ ಆಯ್ತು. ದೇಶದಾದ್ಯಂತ 2.4 ಕೋಟಿ ಹೆಕ್ಟೇರ್‌ಗಿಂತ ಜಾಸ್ತಿ ಸುಟ್ಟು ಹೋಯ್ತು, ಬೆಂಕೀಲೇ 33 ಜನ ಸತ್ರು. ಹವಾಮಾನ ಬದಲಾವಣೆ ಬಗ್ಗೆ ಮಾತು ಶುರುವಾದಾಗ ಆಗಿನ ಉಪಪ್ರಧಾನಿ ಮೈಕೆಲ್ ಮೆಕ್‌ಕಾರ್ಮ್ಯಾಕ್ ರಾಜಧಾನಿಗಳಲ್ಲಿ ಕೂತಿರೋ ಗ್ರೀನಿಗಳ ಬಡಬಡಿಕೆ ಈಗ ಬೇಡ ಅಂತ ಹೇಳಿದ್ರು. ಅದರ ಜೊತೆಗೇ, ಮುಂಚೇನೇ ತರಗೆಲೆ ಸುಡೋಕೆ ಗ್ರೀನಿಗಳು ಬಿಡ್ಲಿಲ್ಲ, ಅದಕ್ಕೇ ಇಷ್ಟು ಬೆಂಕಿ ಅನ್ನೋ ಮಾತೂ ಹರಡ್ತು.

ಬೇಸಿಗೆಗೆ ಮುಂಚೆ ಬೇಕಂತಲೇ ಸಣ್ಣ ಬೆಂಕಿ ಹಾಕಿ ಒಣಗಿದ ಎಲೆ, ಕಡ್ಡಿ ಸುಡೋದು ಅಲ್ಲಿನ ರೂಢಿ. ಆದ್ರೆ ಗಾಳಿ ಕಮ್ಮಿ ಇರ್ಬೇಕು, ಒದ್ದೆನೂ ಇರ್ಬಾರ್ದು ತೀರಾ ಒಣಗಿರ್ಲೂಬಾರ್ದು, ಅಂಥ ದಿನಗಳು ಸಿಕ್ಕಿದ್ರೆ ಮಾತ್ರ ಸುಡೋಕಾಗತ್ತೆ. ನ್ಯೂ ಸೌತ್ ವೇಲ್ಸ್ ಗ್ರಾಮೀಣ ಅಗ್ನಿಶಾಮಕ ಪಡೆ ಮುಖ್ಯಸ್ಥರಾಗಿದ್ದ ಶೇನ್ ಫಿಟ್ಜ್‌ಸಿಮ್ಮನ್ಸ್, ಇದಕ್ಕೆ ಅಡ್ಡಿ ಆಗ್ತಿರೋದು ಮುಖ್ಯವಾಗಿ ಹವಾಮಾನನೇ, ಇಂಥ ಸುಡೋದೇ ಎಲ್ಲಕ್ಕೂ ಮದ್ದೂ ಅಲ್ಲ ಅಂತ ಬಿಡಿಸಿ ಹೇಳಿದ್ರು. ಆ ರಾಜ್ಯವನ್ನ 2011ರಿಂದ ಆಳ್ತಿದ್ದಿದ್ದು ಲಿಬರಲ್-ನ್ಯಾಷನಲ್ ಮೈತ್ರಿಕೂಟ, ಕಾಡು ನೋಡ್ಕೊಳ್ಳೋ ಇಲಾಖೆಗಳು ಗ್ರೀನ್ಸ್ ಕೈಲಿ ಇರ್ಲಿಲ್ಲ. ಆದ್ರೂ ಮನೆ ಕಳ್ಕೊಂಡ ಜನಕ್ಕೆ ಒಂದು ಉತ್ತರ ಬೇಕಿತ್ತು, ಗ್ರೀನಿ ಅನ್ನೋ ಉತ್ತರ ತಯಾರಾಗಿ ಕೂತಿತ್ತು.

ಬೈಯೋರ ಮಾತಲ್ಲಿ ಕೇಳಿಸ್ಕೊಳ್ಬೇಕಾಗಿರೋದು

ಇಷ್ಟು ಹೇಳಿ ಪರಿಸರದವರದ್ದೇ ಎಲ್ಲ ಸರಿ ಅಂದ್ರೆ ಅದು ಮೋಸ ಆಗತ್ತೆ. ಗ್ರೀನಿ ಅಂತ ಬೈಯೋರ ಸಿಟ್ಟಿನೊಳಗೆ ಒಂದು ನ್ಯಾಯವಾದ ದೂರು ಇದೆ. ಕಾಡು ಉಳಿದ್ರೆ ಲಾಭ ಇಡೀ ದೇಶಕ್ಕೆ, ನಷ್ಟ ಮಾತ್ರ ಆ ಕಾಡಿನ ಪಕ್ಕದ ನಾಲ್ಕು ಊರಿಗೆ. ಮೆಲ್ಬೋರ್ನಲ್ಲಿ ಆಫೀಸ್ ಕೆಲಸ ಮಾಡೋರಿಗೆ ಗಣಿ ಮುಚ್ಚಿದ್ರೆ ಸಂಬಳ ಕಟ್ ಆಗಲ್ಲ. ಐವತ್ತು ವಯಸ್ಸಿನ ಮಿಲ್ ಕೆಲಸದವನಿಗೆ ‘ಬೇರೆ ಕೆಲಸ ಕಲ್ತುಕೋ’ ಅಂತ ದೂರದಿಂದ ಹೇಳಿದ್ರೆ ಕೋಪ ಬರೋದು ಸಹಜ.

2019ರಲ್ಲಿ ಅದಾನಿ ಗಣಿ ಬೇಡ ಅಂತ ಬಾಬ್ ಬ್ರೌನ್ ಟಾಸ್ಮೇನಿಯಾದಿಂದ ಕ್ವೀನ್ಸ್‌ಲ್ಯಾಂಡ್‌ನ ಗಣಿ ಪ್ರದೇಶದ ಕ್ಲೆರ್ಮಾಂಟ್ ಊರಿನವರೆಗೂ ಕಾರುಗಳ ಮೆರವಣಿಗೆ ತಗೊಂಡು ಹೋದ್ರು, ಎಲೆಕ್ಷನ್‌ಗೆ ಕೆಲವೇ ವಾರ ಇದ್ದಾಗ. ಉದ್ದೇಶ ಏನೇ ಇರ್ಲಿ, ಅಲ್ಲಿನವರಿಗೆ ಕಂಡಿದ್ದು ದಕ್ಷಿಣದ ಸಿಟಿಯವರು ಬಂದು ಪಾಠ ಹೇಳ್ತಿದಾರೆ ಅಂತ. ಮೇ 18ರ ಫಲಿತಾಂಶದಲ್ಲಿ ಮಧ್ಯ ಕ್ವೀನ್ಸ್‌ಲ್ಯಾಂಡ್‌ನ ಕಲ್ಲಿದ್ದಲು ಸೀಟುಗಳಲ್ಲಿ ಲೇಬರ್ ಓಟು ಜೋರಾಗಿ ಕುಸೀತು, ಸೋಲ್ತಾರೆ ಅಂತಿದ್ದ ಲಿಬರಲ್ ಪಕ್ಷದ ಪ್ರಧಾನಿ ಸ್ಕಾಟ್ ಮಾರಿಸನ್ ಗೆದ್ರು. ಸೋಲಿಗೆ ಬೇರೆ ಕಾರಣಗಳೂ ಇದ್ವು, ತೆರಿಗೆ ವಿಷಯ ಒಂದು. ಆದ್ರೆ ಜೂನ್‌ನಲ್ಲೇ ಕ್ವೀನ್ಸ್‌ಲ್ಯಾಂಡ್‌ನ ಲೇಬರ್ ಸರ್ಕಾರ ಗಣಿಗೆ ಬಾಕಿ ಇದ್ದ ಒಪ್ಪಿಗೆ ಕೊಟ್ಟುಬಿಡ್ತು. 1971ರಲ್ಲಿ ಮಂಡಿಯವರ ಯೂನಿಯನ್ ಹಾಕಿದ ಷರತ್ತು, ಅಂದ್ರೆ ಮೊದಲು ಊರೋರ ಸಭೆ ಕರೀರಿ ಅನ್ನೋದು, ಈ ಮೆರವಣಿಗೇಲಿ ಇರ್ಲಿಲ್ಲ.

ಇನ್ನೊಂದು ಬೈಗುಳ ಇದರ ಜೊತೇನೇ ಬರತ್ತೆ: ಕಲ್ಲಂಗಡಿ. ಹೊರಗೆ ಹಸಿರು, ಒಳಗೆ ಕೆಂಪು, ಅಂದ್ರೆ ಪರಿಸರದ ಹೆಸರಲ್ಲಿ ಎಡಪಂಥ. ಮಂಡಿಯವರ ಹಿನ್ನೆಲೆ ನೋಡಿದ್ರೆ ಇದು ಪೂರ್ತಿ ಸುಳ್ಳಲ್ಲ, ಆದ್ರೆ ಹಂಟರ್ಸ್ ಹಿಲ್‌ನ ಹೆಂಗಸರನ್ನ ನೋಡಿದ್ರೆ ನಿಜಾನೂ ಅಲ್ಲ.

ಈ ಪದಕ್ಕೆ ಸಿಗದವರು

2010ರ ಆಸುಪಾಸಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್‌ನ ಹೊಲಗಳ ಅಡಿ ಇರೋ ಕಲ್ಲಿದ್ದಲು ಪದರದಿಂದ ಗ್ಯಾಸ್ ತೆಗೆಯೋಕೆ ಕಂಪನಿಗಳು ಬಂದ್ವು. ಅಲ್ಲಿ ಹೊಲದ ಮಣ್ಣು ರೈತಂದು, ಒಳಗಿನ ಗ್ಯಾಸ್ ಸರ್ಕಾರದ್ದು, ಹಾಗಾಗಿ ಲೈಸೆನ್ಸ್ ಇರೋ ಕಂಪನಿಗೆ ಗೇಟು ತೆಗೀಲೇಬೇಕು. ಬೋರ್‌ವೆಲ್ ನೀರು ಹೋಗತ್ತೆ ಅನ್ನೋ ಭಯಕ್ಕೆ ರೈತರು ಗೇಟಿಗೆ ಬೀಗ ಹಾಕೋಕೆ ಶುರು ಮಾಡಿದ್ರು, ಲಾಕ್ ದ ಗೇಟ್ ಅನ್ನೋ ಒಕ್ಕೂಟ ಹುಟ್ಟಿತು. ಅದನ್ನ ಕಟ್ಟಿದವರಲ್ಲಿ ಕ್ವೀನ್ಸ್‌ಲ್ಯಾಂಡ್ ಗ್ರೀನ್ಸ್‌ನ ಹಳೇ ತಲೆ ಡ್ರೂ ಹಟನ್ ಇದ್ರು, ಅವರ ಪಕ್ಕದಲ್ಲಿ ಜೀವಮಾನವಿಡೀ ಕನ್ಸರ್ವೇಟಿವ್ ಪಕ್ಷಗಳಿಗೇ ಓಟು ಹಾಕಿದ ರೈತರಿದ್ರು. 2014ರಲ್ಲಿ ಬೆಂಟ್ಲಿ ಅನ್ನೋ ಜಾಗದಲ್ಲಿ ಸಾವಿರಾರು ಜನ ಅಡ್ಡ ನಿಂತಾಗ ಸರ್ಕಾರ ಕೊರೆಯೋ ಲೈಸೆನ್ಸನ್ನ ತಡೆಹಿಡೀತು. ಎದುರಿಗಿರೋರು ಮೂರು ತಲೆಮಾರಿಂದ ಗೋವು ಸಾಕ್ಕೊಂಡು ಬಂದ ರೈತರು, ಅವರನ್ನ ಸಿಟಿ ಗ್ರೀನಿ ಅಂತ ತಳ್ಳಿಹಾಕೋಕೆ ಆಗ್ಲಿಲ್ಲ. ಗ್ರೀನ್ ಬ್ಯಾನ್‌ಗೆ ಇದ್ದ ಬಲ ಇಲ್ಲೂ ಇತ್ತು, ಕಷ್ಟ ಅನುಭವಿಸೋರೇ ಮುಂದೆ ನಿಂತಿದ್ರು.

ಬಾಬ್ ಬ್ರೌನ್ ಗಾಳಿ ಯೋಜನೆ ವಿರೋಧಿಸಿದ್ದೂ ಈಗ ಅರ್ಥ ಆಗತ್ತೆ. ಟಾಸ್ಮೇನಿಯಾದ ರಾಬಿನ್ಸ್ ಐಲ್ಯಾಂಡ್‌ನಲ್ಲಿ ದೊಡ್ಡ ಗಾಳಿಗಿರಣಿಗಳನ್ನ ನಿಲ್ಲಿಸಿದ್ರೆ ವಲಸೆ ಹಕ್ಕಿಗಳಿಗೆ, ಅಳಿವಿನ ಅಂಚಲ್ಲಿರೋ ಕಿತ್ತಳೆ ಹೊಟ್ಟೆಯ ಗಿಳಿಗೆ ತೊಂದರೆ ಅಂತ ಅವರ ವಾದ. ಹವಾಮಾನಕ್ಕೆ ಆದ್ಯತೆ ಕೊಡೋ ಪರಿಸರವಾದಿಗಳಿಗೆ ಗಾಳಿ ಕರೆಂಟು ಬೇಕು, ಕಾಡು-ಪ್ರಾಣಿಗೆ ಆದ್ಯತೆ ಕೊಡೋರಿಗೆ ಆ ದ್ವೀಪ ಬೇಕು. ಇಬ್ಬರೂ ಗ್ರೀನಿಗಳೇ, ಇಬ್ಬರ ಜಗಳವೂ ನಿಜವಾದದ್ದೇ, ಪದ ಮಾತ್ರ ಒಂದೇ ಆಗಿರೋದ್ರಿಂದ ದೂರದಿಂದ ನೋಡೋರಿಗೆ ಎಡಬಿಡಂಗಿತನ ಅನ್ಸತ್ತೆ.

ಮುಂದೆ ಏನಾಗಬಹುದು

2025ರ ತಿದ್ದುಪಡೀಲಿ ಜಗಳಕ್ಕೆ ನೇರ ಸಂಬಂಧ ಇರೋ ಒಂದು ಅಂಶ ಇದೆ. ಇಷ್ಟು ವರ್ಷ ಕೇಂದ್ರ ಮತ್ತು ರಾಜ್ಯಗಳ ನಡುವಿನ ಅರಣ್ಯ ಒಪ್ಪಂದದ ಅಡಿ ನಡೆಯೋ ಮರ ಕಡಿತಕ್ಕೆ ಇಪಿಬಿಸಿ ಕಾನೂನಿಂದ ವಿನಾಯಿತಿ ಇತ್ತು. 18 ತಿಂಗಳಲ್ಲಿ ಆ ವಿನಾಯಿತಿ ಹೋಗತ್ತೆ. ವಿಕ್ಟೋರಿಯಾ, ಪಶ್ಚಿಮ ಆಸ್ಟ್ರೇಲಿಯಾ ಎರಡೂ 2024ರಿಂದಲೇ ಸಹಜ ಕಾಡಲ್ಲಿ ವ್ಯಾಪಾರಕ್ಕೆ ಮರ ಕಡಿಯೋದನ್ನ ನಿಲ್ಲಿಸಿವೆ, ಹಾಗಾಗಿ ಬಿಸಿ ತಟ್ಟೋದು ಮುಖ್ಯವಾಗಿ ನ್ಯೂ ಸೌತ್ ವೇಲ್ಸ್ ಮತ್ತು ಟಾಸ್ಮೇನಿಯಾಕ್ಕೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಇದರ ಮೊದಲ ಪರೀಕ್ಷೆ ಆಗ್ಲೇ ಶುರುವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಲೇಬರ್ ಸರ್ಕಾರ ರಾಜ್ಯದ ಉತ್ತರ ಕರಾವಳೀಲಿ ಕೋಆಲಾಗಳಿಗೆ ಅಂತ ದೊಡ್ಡ ರಾಷ್ಟ್ರೀಯ ಉದ್ಯಾನ ಘೋಷಿಸಿ 1,76,000 ಹೆಕ್ಟೇರ್ ಸರ್ಕಾರಿ ಕಾಡಲ್ಲಿ ಮರ ಕಡಿಯೋದನ್ನ ನಿಲ್ಲಿಸ್ತು. ಸುಮಾರು 300 ಕೆಲಸಗಳಿಗೆ ಪೆಟ್ಟು ಬೀಳತ್ತೆ ಅಂತ ಸರ್ಕಾರವೇ ಒಪ್ಕೊಂಡು, ಮಿಲ್ಲುಗಳಿಗೆ ಮತ್ತು ಕಾರ್ಮಿಕರಿಗೆ ಸಂಬಳದ ನೆರವು ಕೊಡ್ತೀವಿ ಅಂದಿದೆ. ಆ ನೆರವು ಎಷ್ಟು ದಿನ ಬರತ್ತೆ, ಅದು ನಿಂತ ಮೇಲೆ ಆ 300 ಮನೆಗಳಿಗೆ ಅದೇ ಊರುಗಳಲ್ಲಿ ಉದ್ಯಾನದ ಕೆಲಸವೋ ನೆಡುತೋಪಿನ ಕೆಲಸವೋ ಸಿಗತ್ತಾ ಅನ್ನೋದನ್ನ ನೋಡ್ಬೇಕು. ಸಿಕ್ಕಿದ್ರೆ ಅಲ್ಲಿ ಈ ಪದ ಸುಮ್ನೆ ರೇಗಿಸೋ ಮಾತಾಗಿ ಉಳ್ಕೊಳ್ಳಬಹುದು. ಸಿಗ್ಲಿಲ್ಲ ಅಂದ್ರೆ 2027ರ ರಾಜ್ಯ ಎಲೆಕ್ಷನ್‌ನಲ್ಲಿ ಆ ಕರಾವಳಿ ಸೀಟುಗಳಲ್ಲೂ ಗ್ರೀನಿ ಹೆಸರಲ್ಲೇ ಓಟು ಕೇಳ್ತಾರೆ, ಉದ್ಯಾನಕ್ಕೆ ಸಹಿ ಹಾಕಿದ ಮಂತ್ರಿಗಳ ಹೆಸರು ಯಾರ ಬಾಯಲ್ಲೂ ಬರಲ್ಲ.